ಮರದ ಬಟ್ಟೆ, ಕುಸನೂರಿನ ಗಾಯರಾಣ

ಮೊನ್ನೆ ಮಗಳು ತಂದ ಹೊಸ ಕುರ್ತಾದ ಚೀಟಿ ಮೇಲೆ ‘ಮರದ ನಾರು, ಪರಿಸರಸ್ನೇಹಿ’ ಅಂತ ಇತ್ತು. ಓದಿದ ಕೂಡಲೇ ನನಗೆ ನೆನಪಾಗಿದ್ದು ಹಾನಗಲ್ ತಾಲ್ಲೂಕಿನ ಕುಸನೂರು.

ಮರದ ಬಟ್ಟೆ ನಮ್ಮ ಕಡೆ ಹೊಸ ಸುದ್ದಿ ಅಲ್ಲ. 1970ರ ದಶಕದಿಂದಲೇ ತುಂಗಭದ್ರಾ ದಂಡೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರ ಬೇಯಿಸಿ ರೇಯಾನ್‌ಗೆ ಬೇಕಾದ ತಿರುಳು ತೆಗೀತಾ ಬಂತು. ಅದಕ್ಕೆ ನೀಲಗಿರಿ ಒದಗಿಸೋಕೆ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಹುಟ್ಟಿತು. ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ಗುತ್ತಿಗೆಗೆ ಗೊತ್ತು ಮಾಡಿದ್ದು ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನು. ಕಾಗದದಲ್ಲಿ ಅದು ಪಾಳು ಭೂಮಿ. ಊರವರಿಗೆ ದನ ಮೇಯೋ ಗಾಯರಾಣ, ಉರುವಲಿನ ಜಾಗ.

ಸಮಾಜ ಪರಿವರ್ತನ ಸಮುದಾಯದವರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೀತು. ಜನ ನೀಲಗಿರಿ ಸಸಿ ಕಿತ್ತು, ಹಣ್ಣು, ಮೇವು, ಉರುವಲು ಕೊಡೋ ಗಿಡ ಹಚ್ಚಿದರು. 1991ರಲ್ಲಿ ಸರ್ಕಾರ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು.

ಆಗ ಇಂಗಾಲದ ಮಾತು ಯಾರೂ ಆಡ್ತಿರಲಿಲ್ಲ. ಈಗ ಆ ಲೆಕ್ಕ ಹಾಕಿ ನೋಡ್ರಿ. ಒಣಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ. ಮನೆಗೆ ತೊಲೆಯಾದರೆ ಅದು ಮೂರು ತಲೆಮಾರು ಅಲ್ಲೇ ಕೂತಿರುತ್ತದೆ. ಬಟ್ಟೆಗಾದರೆ ಬೇಕಾಗೋದು ಸೆಲ್ಯುಲೋಸ್ ಮಾತ್ರ. ಅರ್ಧಕ್ಕಿಂತ ಹೆಚ್ಚು ಮರ ಕಪ್ಪು ದ್ರವದಲ್ಲಿ ಕರಗಿ ಹೋಗುತ್ತದೆ. ಅದನ್ನು ಬಾಯ್ಲರಿನಲ್ಲಿ ಸುಟ್ಟು ಹಬೆ ಮಾಡ್ತಾರೆ. ಕಲ್ಲಿದ್ದಲು ಉಳೀತದೆ, ಒಪ್ಪೋಣ. ಆದರೆ ಎಂಟ್ಹತ್ತು ವರ್ಷ ಮರ ಕೂಡಿಟ್ಟ ಇಂಗಾಲ ಕೆಲವೇ ದಿನಗಳಲ್ಲಿ ಗಾಳಿಗೆ. ಉಳಿದದ್ದು ಅಂಗಿ ಹರಿಯೋವರೆಗೆ.

‘ಕಡಿದಷ್ಟು ಮತ್ತೆ ಚಿಗೀತದಲ್ಲ?’ ಅಂತೀರಿ. ಹೌದು. ಬರೀ ನೆಲದಲ್ಲಿ ಬೆಳೆದಿದ್ದರೆ ಆ ಮಾತು ಸರಿ. ಮೊದಲಿದ್ದ ಕುರುಚಲು, ಹುಲ್ಲಿನ ಬೇರು, ಮಣ್ಣಿನೊಳಗಿನ ಇಂಗಾಲ ಕಳೆದು ಲೆಕ್ಕ ಹಾಕಬೇಕು. ಉರುವಲು ಕಳಕೊಂಡವರು ಇನ್ನೊಂದು ಕಾಡಿಗೆ ಕೊಡಲಿ ಹಿಡಿದು ಹೋದರೆ ಆ ಖರ್ಚೂ ಇದೇ ಖಾತೆಗೆ ಬೀಳಬೇಕು.

ಕಲ್ಲೆಣ್ಣೆಯಿಂದಾಗೋ ಪಾಲಿಯೆಸ್ಟರ್‌ಗಿಂತ ಮರದ ಬಟ್ಟೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಹೊಲದ ಅಂಚಿನಲ್ಲಿ ಬೆಳೆದ ಮರಕ್ಕೂ ಗಾಯರಾಣ ಅಗೆದು ಬೆಳೆದ ಮರಕ್ಕೂ ಚೀಟಿ ಒಂದೇ ಇರುತ್ತದೆ, ನನ್ನ ತಕರಾರು ಅದು.

ನಿಮ್ಮೂರಿಗೂ ನೆಡುತೋಪಿನ ಒಪ್ಪಂದ ಹಿಡಕೊಂಡು ಯಾರಾದರೂ ಬಂದರೆ, ರೇಟು ಕೇಳೋ ಮೊದಲು ಎರಡು ಕೇಳ್ರಿ: ಆ ನೆಲದಲ್ಲಿ ಈಗ ಏನೈತಿ? ಈ ಮರ ಕೊನೆಗೆ ಏನಾಗತೈತಿ?