ಬಿಡ್ಡು: ಬೆಂಗಳೂರಿನಿಂದ ಲಂಡನ್ನಿಗೆ ಹೋದ ಪಾಪ್ ಸಂಗೀತಗಾರ

ಬಿಡ್ಡು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿ, ಬ್ರಿಟನ್ನಿನಲ್ಲಿ ಖ್ಯಾತಿ ಗಳಿಸಿದ ಗಾಯಕ, ಸಂಗೀತ ಸಂಯೋಜಕ ಹಾಗೂ ನಿರ್ಮಾಪಕ. ಹಾಡುಗಾರನಾಗುವ ಹಂಬಲದಿಂದ ಊರು ಬಿಟ್ಟ ಅವರಿಗೆ ಕೀರ್ತಿ ತಂದದ್ದು ಬೇರೆಯವರ ಕಂಠಕ್ಕಾಗಿ ಕಟ್ಟಿದ ಹಾಡುಗಳು. ಆ ಹಾಡುಗಳನ್ನು ಬಲ್ಲ ಅನೇಕರಿಗೆ ಇಂದಿಗೂ ಅವರ ಹೆಸರು ಅಪರಿಚಿತ.

ಆರಂಭದ ದಿನಗಳು

ಬಿಡ್ಡು 1940ರ ದಶಕದಲ್ಲಿ ಕೊಡವ ಕುಟುಂಬದಲ್ಲಿ ಜನಿಸಿದರು. ಬೆಂಗಳೂರಿನ ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದರೆ, ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಹಿಡಿತದಲ್ಲಿತ್ತು. 1949ರಲ್ಲಿ ಎರಡೂ ಒಂದೇ ನಗರಾಡಳಿತಕ್ಕೆ ಒಳಪಟ್ಟವು. ಆಡಳಿತ ಒಂದಾದರೂ ಅಭಿರುಚಿ ಬೇರೆಯಾಗಿಯೇ ಉಳಿಯಿತು. ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್, ಕುಕ್ ಟೌನ್‌ಗಳಂಥ ದಂಡಿನ ಬಡಾವಣೆಗಳಲ್ಲಿ ಪಿಯಾನೊ, ಗಿಟಾರ್, ಚರ್ಚಿನ ಗಾಯನವೃಂದಗಳ ಮೂಲಕ ಪಾಶ್ಚಾತ್ಯ ಸಂಗೀತ ನೆಲೆಯೂರಿತ್ತು. ಇಂಥ ನಗರದಲ್ಲಿ ಬೆಳೆದ ಬಿಡ್ಡು ಅವರಿಗೆ ಪಾಪ್ ಹಾಡುಗಳನ್ನು ಪರಿಚಯಿಸಿದ್ದು ರೇಡಿಯೋ ಸಿಲೋನ್.

ಗೆಳೆಯರೊಡನೆ ಅವರು 'ಟ್ರೋಜನ್ಸ್' ತಂಡ ಕಟ್ಟಿ, ಬೆಂಗಳೂರು, ಕೋಲ್ಕತ್ತ ಹಾಗೂ ಮುಂಬೈಗಳಲ್ಲಿ ಹಾಡಿದರು. ತಂಡ ಒಡೆದ ಬಳಿಕ 'ಲೋನ್ ಟ್ರೋಜನ್' ಎಂಬ ಹೆಸರಿನಲ್ಲಿ ಒಬ್ಬಂಟಿಯಾಗಿ ಕಾರ್ಯಕ್ರಮ ನೀಡಿದರು. 1967ರಲ್ಲಿ ಇಂಗ್ಲೆಂಡಿಗೆ ತೆರಳಿ, ಸಣ್ಣಪುಟ್ಟ ಕೆಲಸ ಮಾಡುತ್ತ ಧ್ವನಿಮುದ್ರಣಕ್ಕೆ ಹಣ ಹೊಂದಿಸಿಕೊಂಡರು.

ಹತ್ತು ನಿಮಿಷದ ಹಾಡು

1974ರಲ್ಲಿ ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್ ಅವರ ಧ್ವನಿಮುದ್ರಿಕೆಯನ್ನು ಬಿಡ್ಡು ನಿರ್ಮಿಸಿದರು. ಮುಖ್ಯ ಗೀತೆ ಮುಗಿದ ಮೇಲೆ ತಟ್ಟೆಯ ಮತ್ತೊಂದು ಬದಿಗೆಂದು ಕೊನೆಯ ಹತ್ತು ನಿಮಿಷಗಳಲ್ಲಿ ಮುದ್ರಿಸಿಕೊಂಡ ಹಾಡೇ 'ಕುಂಗ್ ಫೂ ಫೈಟಿಂಗ್'. ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಸುಮಾರು 1 ಕೋಟಿ 10 ಲಕ್ಷ ಪ್ರತಿಗಳು ಮಾರಾಟವಾದವು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಕೂಡ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು.

ಕರಾಚಿಯ ಕಂಠ

ಬಿಡ್ಡು ಅವರನ್ನು ಹಿಂದಿ ಚಿತ್ರರಂಗಕ್ಕೆ ಕರೆತಂದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ಅಫ್ಘನ್ ಮೂಲದವರು, ತಾಯಿ ಪರ್ಷಿಯನ್ ಮೂಲದವರು. ಅವರ 'ಕುರ್ಬಾನಿ' (1980) ಚಿತ್ರಕ್ಕೆ ಬಿಡ್ಡು 'ಆಪ್ ಜೈಸಾ ಕೋಯಿ' ಗೀತೆಯನ್ನು ಸಂಯೋಜಿಸಿದರು. ಹಾಡಿದವಳು ಕರಾಚಿಯಲ್ಲಿ ಹುಟ್ಟಿದ 15ರ ಹುಡುಗಿ ನಾಜಿಯಾ ಹಸನ್. ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. 1981ರಲ್ಲಿ ಬಂದ 'ಡಿಸ್ಕೊ ದೀವಾನೆ' ಗೀತಗುಚ್ಛ ಚಲನಚಿತ್ರದ ಆಸರೆಯಿಲ್ಲದೆಯೂ ಹಿಂದಿ ಹಾಡು ಜನರನ್ನು ತಲುಪಬಲ್ಲದೆಂದು ತೋರಿಸಿಕೊಟ್ಟಿತು. ನಾಜಿಯಾ ಮತ್ತು ಸಹೋದರ ಜೊಹೇಬ್ ಎರಡೂ ದೇಶಗಳ ಯುವಜನರ ಮೆಚ್ಚಿನ ಗಾಯಕರಾದರು.

ನಿರಾಕರಿಸಿದ ಹಾಡು

ಆದರೆ ಸಂಗೀತ ದಾಟಿದ ಗಡಿಯನ್ನು ಗಾಯಕಿ ಎಲ್ಲ ಸಲವೂ ದಾಟಲಾಗಲಿಲ್ಲ. ಬಿಡ್ಡು 'ಮೇಡ್ ಇನ್ ಇಂಡಿಯಾ' ಗೀತೆಯನ್ನು ಮೊದಲು ನಾಜಿಯಾ ಅವರಿಗೆಂದೇ ರೂಪಿಸಿದ್ದರು. ಭಾರತವನ್ನು ಕೊಂಡಾಡುವ ಹಾಡು ಪಾಕಿಸ್ತಾನದ ಜನರ ಮನ ನೋಯಿಸೀತೆಂಬ ಅಳುಕಿನಿಂದ ಅವರು ಒಪ್ಪಲಿಲ್ಲ. 1995ರಲ್ಲಿ ಅದನ್ನು ಅಲಿಷಾ ಚಿನಾಯ್ ಹಾಡಿದರು. ಭಾರತೀಯ ಪಾಪ್ ಸಂಗೀತದ ಮಾರುಕಟ್ಟೆಯೇ ಹಿಗ್ಗಿತು. ನಾಜಿಯಾ 2000ದ ಆಗಸ್ಟ್‌ನಲ್ಲಿ, 35ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು.

2010ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಬಿಡ್ಡು ಇಟ್ಟ ಹೆಸರೂ 'ಮೇಡ್ ಇನ್ ಇಂಡಿಯಾ'. ಬದುಕಿನ ಬಹುಭಾಗವನ್ನು ಹೊರದೇಶದಲ್ಲಿ ಕಳೆದ ಬೆಂಗಳೂರಿಗನ ಮಟ್ಟಿಗೆ ಅದು ಹಾಡಿನ ಹೆಸರಷ್ಟೇ ಅಲ್ಲ, ವಿಳಾಸವೂ ಹೌದು.