ಖಾಲಿ ತೋಟೆಯ ಆಯಸ್ಸು: ರೈಫಲ್ ಹಿತ್ತಾಳೆಯಲ್ಲಿ ಯಾವುದು ಒಳ್ಳೆಯದು, ಎಷ್ಟು ಬಾಳುತ್ತೆ?

ಇಂಜಿನಿಯರಿಂಗ್ ಓದಿದವರಿಗೆ ಮೆಟೀರಿಯಲ್ ಸೈನ್ಸ್ ಪಠ್ಯದ ಒಂದು ಸಾಲು ನೆನಪಿರಬಹುದು: 70 ಭಾಗ ತಾಮ್ರ, 30 ಭಾಗ ಸತು ಬೆರೆತ ಹಿತ್ತಾಳೆಗೆ 'ಕಾರ್ಟ್ರಿಡ್ಜ್ ಬ್ರಾಸ್' ಅಂತ ಹೆಸರು. ಪರೀಕ್ಷೆಗೆ ಬರೆದು ಮರೆತವರಲ್ಲಿ ನಾನೂ ಒಬ್ಬ. ಹೆಸರಿನಲ್ಲೇ ಕಾರ್ಟ್ರಿಡ್ಜ್ ಇದೆಯಲ್ಲ, ಯಾಕೆ ಅಂತ ಆಗ ಕೇಳಲಿಲ್ಲ. ಬಂದೂಕು ನಿಯಂತ್ರಣದ ಬಗ್ಗೆ ಅಮೆರಿಕದ ಚರ್ಚೆಗಳನ್ನು ಓದೋಕೆ ಶುರು ಮಾಡಿದ ಮೇಲೆ ಆ ಲೋಹ ಮತ್ತೆ ಎದುರಾಯ್ತು. ಅಲ್ಲಿ ಎಲ್ಲರೂ ಬಂದೂಕಿನ ಬಗ್ಗೆ ಮಾತಾಡ್ತಾರೆ, ತೋಟೆಯ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಗುಂಡು ಹಾರಿದ ಮೇಲೆ ಕೆಳಗೆ ಬೀಳುವ ಖಾಲಿ ಹಿತ್ತಾಳೆ ಕೇಸು ಅಲ್ಲಿ ಕಸ ಅಲ್ಲ. ಅದನ್ನು ಹೆಕ್ಕಿ, ತೊಳೆದು, ಮತ್ತೆ ತುಂಬುವ ಹವ್ಯಾಸಿಗಳ ದೊಡ್ಡ ಲೋಕವೇ ಇದೆ. ಅವರ ಮುಗಿಯದ ವಾದ ಒಂದೇ: ಯಾರ ಹಿತ್ತಾಳೆ ಒಳ್ಳೆಯದು?

ಉತ್ತರ ಬ್ರಾಂಡ್ ಹೆಸರಿನಲ್ಲಿ ಮುಗಿಯಲ್ಲ. ಈ ಲೇಖನ ಅದರ ಬಗ್ಗೆ.

ನಾಲ್ಕು ಭಾಗ, ಮರುಬಳಕೆ ಒಂದಕ್ಕೇ

ರೈಫಲ್ ತೋಟೆಯಲ್ಲಿ ನಾಲ್ಕು ಭಾಗ: ಗುಂಡು, ಮದ್ದು, ಕೇಪು, ಇವನ್ನೆಲ್ಲ ಹಿಡಿದಿಡುವ ಕೇಸು. ಮೊದಲ ಮೂರು ಒಂದೇ ಸಲಕ್ಕೆ ಮುಗಿದುಹೋಗುತ್ತವೆ. ಉಳಿಯುವುದು ಕೇಸು. ಅಂಗಡಿಯಿಂದ ತರುವ ತೋಟೆಯಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಹಾಗಾಗಿ ಲೆಕ್ಕ ಸರಳ: ಕೇಸು ಎಷ್ಟು ಸಲ ಬಾಳುತ್ತೋ ಅಷ್ಟು ಸಲ ಅದರ ಬೆಲೆ ಹಂಚಿಹೋಗುತ್ತೆ. ಗುರಿ ಸ್ಪರ್ಧೆಗೆ ಹೋಗುವವರಿಗೆ ಇನ್ನೊಂದು ಕಾರಣ ಇದೆ. ತಮ್ಮ ರೈಫಲ್‌ಗೇ ಹೊಂದುವಂತೆ ತುಂಬಿದರೆ ಗುಂಡುಗಳು ಹೆಚ್ಚು ಒಂದೇ ಕಡೆ ಬೀಳುತ್ತವೆ.

ಎಲ್ಲ ಕೇಸೂ ಮರುಬಳಕೆಗೆ ಬರಲ್ಲ. 1866ರಲ್ಲಿ ಅಮೆರಿಕದ ಹೈರಮ್ ಬರ್ಡನ್, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಇಬ್ಬರೂ ಎರಡು ಬೇರೆ ಬೇರೆ ಕೇಪು ವಿನ್ಯಾಸ ತಂದರು. ಬಾಕ್ಸರ್ ಕೇಸಿನ ಬುಡದಲ್ಲಿ ನಡುವೆ ಒಂದೇ ತೂತು, ಸಣ್ಣ ಕಡ್ಡಿಯಿಂದ ಹಳೆ ಕೇಪನ್ನು ತಳ್ಳಿ ತೆಗೆಯಬಹುದು. ಬರ್ಡನ್ ಕೇಸಿನಲ್ಲಿ ಸಾಮಾನ್ಯವಾಗಿ ಬದಿಗೆ ಎರಡು ಸಣ್ಣ ತೂತು, ಕೇಪು ತೆಗೆಯೋದು ತಲೆನೋವು. ತಮಾಷೆ ಅಂದ್ರೆ ಅಮೆರಿಕನ್ನರು ಇಂಗ್ಲಿಷಿನವನ ವಿನ್ಯಾಸಕ್ಕೆ ಅಂಟಿಕೊಂಡರು, ಅಮೆರಿಕದವನ ವಿನ್ಯಾಸ ಯುರೋಪಿನ ಸೈನ್ಯಗಳ ಪಾಲಾಯ್ತು. ಅಮೆರಿಕದಲ್ಲಿ ರೀಲೋಡಿಂಗ್ ಮನೆಮಾತಾಗಲು ಇದೂ ಒಂದು ಕಾರಣ.

ಹಿತ್ತಾಳೆಯೇ ಯಾಕೆ?

.308 ವಿಂಚೆಸ್ಟರ್ ತೋಟೆಗೆ ಅಮೆರಿಕದ ಉದ್ಯಮ ಮಾನದಂಡ ಒಪ್ಪುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿರೋದು 32ರ ಆಸುಪಾಸು. ಅಂದ್ರೆ ಸುಮಾರು 1,900 ಪಟ್ಟು. ಆ ಒತ್ತಡಕ್ಕೆ ಕೇಸು ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಬಿಸಿ ಅನಿಲ ಹಿಂದಕ್ಕೆ ಬರದಂತೆ ಬೂಚು ಹಾಕಬೇಕು. ಮರುಕ್ಷಣ ಸ್ವಲ್ಪ ಕುಗ್ಗಿ ಸುಲಭವಾಗಿ ಹೊರಗೆ ಬರಬೇಕು. ಈ ಎರಡೂ ಕೆಲಸವನ್ನು ಹಿತ್ತಾಳೆ ಚೆನ್ನಾಗಿ ಮಾಡುತ್ತೆ. ಸ್ಟೀಲ್ ಅಗ್ಗ, ಆದರೆ ಅಷ್ಟು ಕುಗ್ಗಲ್ಲ, ತುಕ್ಕು ಹಿಡಿಯುತ್ತೆ. ಸ್ಟೀಲ್ ಕೇಸಿನ ಅಗ್ಗದ ತೋಟೆಗಳಲ್ಲಿ ಬಹುಪಾಲು ಬರ್ಡನ್ ಕೇಪಿನವು. ಅಲ್ಯೂಮಿನಿಯಂ ಒಂದು ಸಲಕ್ಕೆ ಸರಿ, ಮತ್ತೆ ಮತ್ತೆ ಬಗ್ಗಿಸಿದರೆ ಸೀಳುತ್ತೆ. ನಿಕ್ಕಲ್ ಲೇಪಿಸಿದ ಹಿತ್ತಾಳೆ ನೋಡೋಕೆ ಚೆಂದ, ಆದರೆ ಅದರ ಕುತ್ತಿಗೆ ಸಾಮಾನ್ಯ ಹಿತ್ತಾಳೆಗಿಂತ ಬೇಗ ಬಿರುಕು ಬಿಡುತ್ತೆ.

ಇಲ್ಲೇ ಮುಖ್ಯ ವಿಷಯ ಇರೋದು. ಒಂದೇ ಕೇಸು ಎರಡು ವಿರುದ್ಧ ಗುಣ ತೋರಿಸಬೇಕು. ಬುಡ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಹಿಗ್ಗುತ್ತೆ. ಕುತ್ತಿಗೆ ಮತ್ತು ಹೆಗಲು ಮೆದುವಾಗಿರಬೇಕು, ಇಲ್ಲದಿದ್ದರೆ ಸೀಳುತ್ತೆ. ಹಿತ್ತಾಳೆಯನ್ನು ತಣ್ಣಗಿರುವಾಗ ಒತ್ತಿ, ಎಳೆದು ರೂಪ ಕೊಟ್ಟಷ್ಟೂ ಗಡಸಾಗುತ್ತೆ. ಕಾಯಿಸಿದರೆ ಮತ್ತೆ ಮೆದುವಾಗುತ್ತೆ. ಕಾರ್ಖಾನೆಯಲ್ಲಿ ಬಟ್ಟಲಿನಂಥ ತುಂಡನ್ನು ಹಂತಹಂತವಾಗಿ ಉದ್ದಕ್ಕೆ ಎಳೆಯುತ್ತಾರೆ, ನಡುನಡುವೆ ಕಾಯಿಸುತ್ತಾರೆ, ಬುಡವನ್ನು ಬಡಿದು ಗಡಸು ಮಾಡುತ್ತಾರೆ, ಕೊನೆಗೆ ಕುತ್ತಿಗೆಯನ್ನು ಮಾತ್ರ ಕಾಯಿಸುತ್ತಾರೆ. ಮಿಶ್ರಲೋಹ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಈ ಗಡಸು-ಮೆದುವಿನ ಹದವನ್ನು ಸಾವಿರ ಕೇಸುಗಳಲ್ಲೂ ಒಂದೇ ಥರ ಉಳಿಸಿಕೊಳ್ಳುವುದರಲ್ಲಿ. ಕುತ್ತಿಗೆಯ ಮೇಲಿನ ನೀಲಿ-ಕಂದು ಕಲೆಯನ್ನು ಕೆಲವರು ಉಳಿಸುತ್ತಾರೆ, ಕೆಲವರು ಪಾಲಿಶ್ ಮಾಡಿ ಅಳಿಸುತ್ತಾರೆ. ಕಲೆ ಕಾಣದ ಮಾತ್ರಕ್ಕೆ ಕಾಯಿಸಿಲ್ಲ ಅಂತ ಅರ್ಥ ಅಲ್ಲ.

ಕೇಸು ಸಾಯುವ ಮೂರು ಬಗೆ

ಒಂದು, ಕುತ್ತಿಗೆ ಸೀಳುವುದು. ಪ್ರತಿ ಸಲ ಉಬ್ಬಿ, ಮತ್ತೆ ಅಚ್ಚಿನಲ್ಲಿ ಒತ್ತಿಸಿಕೊಂಡು ಕುತ್ತಿಗೆ ಗಡಸಾಗುತ್ತಾ ಹೋಗುತ್ತೆ. ಕೆಲವು ಸುತ್ತಿಗೊಮ್ಮೆ ಕಾಯಿಸಿದರೆ ಆಯಸ್ಸು ಹೆಚ್ಚುತ್ತೆ. ಆದರೆ ಬಿಸಿ ಬುಡಕ್ಕೆ ತಲುಪಿದರೆ ಆ ಕೇಸು ಅಪಾಯಕಾರಿ, ಬಿಸಾಕಲೇಬೇಕು. ಕುತ್ತಿಗೆ ಸೀಳಿದರೆ ಸಾಮಾನ್ಯವಾಗಿ ದೊಡ್ಡ ಅನಾಹುತ ಆಗಲ್ಲ, ಕೇಸು ಮಾತ್ರ ಹೋಗುತ್ತೆ.

ಎರಡು, ಕೇಪಿನ ಗುಳಿ ಸಡಿಲವಾಗುವುದು. ಬುಡ ಮೆದುವಾಗಿದ್ದರೆ ಅಥವಾ ಒತ್ತಡ ಹೆಚ್ಚಾದರೆ ಗುಳಿ ಹಿಗ್ಗುತ್ತೆ, ಹೊಸ ಕೇಪು ಬಿಗಿಯಾಗಿ ಕೂರಲ್ಲ. ಇದಕ್ಕೆ ಮದ್ದಿಲ್ಲ. ಬ್ರಾಂಡ್‌ಗಳ ನಡುವೆ ನಿಜವಾದ ವ್ಯತ್ಯಾಸ ಎದ್ದು ಕಾಣೋದು ಇಲ್ಲೇ.

ಮೂರು, ಬುಡ ಕಳಚಿಕೊಳ್ಳುವುದು. ಇದೇ ಭಯಂಕರ. ಸುಡುವಾಗ ಕೇಸಿನ ಮುಂಭಾಗ ಚೇಂಬರಿಗೆ ಅಂಟಿಕೊಂಡಿರುತ್ತೆ, ಬುಡ ಹಿಂದಕ್ಕೆ ಸರಿಯುತ್ತೆ. ನಡುವಿನ ಗೋಡೆ ಪ್ರತಿ ಸಲ ಕೊಂಚ ತೆಳುವಾಗುತ್ತೆ. ಹೊರಗಿನಿಂದ ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಾಣಬಹುದು. ಒಳಗೆ ತುದಿ ಬಗ್ಗಿಸಿದ ಸಣ್ಣ ತಂತಿ ಎಳೆದರೆ ತಗ್ಗಿಗೆ ಸಿಕ್ಕಿಕೊಳ್ಳುತ್ತೆ. ಅದನ್ನು ಕಡೆಗಣಿಸಿದರೆ ಒಂದು ದಿನ ಕೇಸು ಎರಡು ತುಂಡಾಗಿ, ಅನಿಲ ಶೂಟರ್ ಮುಖದ ಕಡೆಗೇ ಬರಬಹುದು.

ಹಾಗಾದ್ರೆ ಯಾರದ್ದು ಒಳ್ಳೆಯದು?

ಫಿನ್‌ಲೆಂಡಿನ ಲಾಪುವಾ ಬಹುಕಾಲದಿಂದ ಅಳತೆಗೋಲು. ಕುತ್ತಿಗೆಯ ದಪ್ಪ, ತೂಕ ಒಂದೇ ಸಮ, ಬುಡ ಗಟ್ಟಿ. .308ಕ್ಕೆ ಅವರು ಸಣ್ಣ ಕೇಪಿನ 'ಪಾಲ್ಮಾ' ಕೇಸನ್ನೂ ಮಾಡುತ್ತಾರೆ. ಗುಳಿ ಚಿಕ್ಕದಾದಷ್ಟೂ ಸುತ್ತಲಿನ ಲೋಹ ಹೆಚ್ಚು ಉಳಿಯುತ್ತೆ, ಗುಳಿ ಹೆಚ್ಚು ಕಾಲ ಬಿಗಿಯಾಗಿರುತ್ತೆ. 6.5 ಕ್ರೀಡ್‌ಮೋರ್‌ಗೂ ಅದೇ ದಾರಿ ಹಿಡಿದರು. ಸ್ವೀಡನ್ನಿನ ನಾರ್ಮಾ ಒಂದೇ ಸಮನಾದ ಅಳತೆಗೆ ಹೆಸರುವಾಸಿ, ಆದರೆ ಬುಡ ಲಾಪುವಾಗಿಂತ ಮೆದು ಅನ್ನೋದು ಅನುಭವಿಗಳ ಮಾತು. ಅಮೆರಿಕದ ಪೀಟರ್ಸನ್, ಆಲ್ಫಾ ಇವೆರಡೂ ಈಚೆಗೆ ಬಂದು ಅದೇ ಸಾಲಿನಲ್ಲಿ ಕೂತಿವೆ. ಮಿಸೌರಿಯ ಸೆಡಾಲಿಯಾದಲ್ಲಿರುವ ಸ್ಟಾರ್‌ಲೈನ್ ಕಡಿಮೆ ಬೆಲೆಗೆ ಗಟ್ಟಿ ಕೇಸು ಕೊಡುತ್ತೆ. ವಿಂಚೆಸ್ಟರ್, ರೆಮಿಂಗ್ಟನ್, ಹಾರ್ನಡಿ ನಡುವಿನ ಸಾಲಿನವು: ವಿಂಗಡಿಸುವ ತಾಳ್ಮೆ ಇದ್ದರೆ ಚೆನ್ನಾಗಿ ನಡೆಯುತ್ತವೆ. ಫೆಡರಲ್ ಕೇಸಿನ ಗುಳಿ ಬೇಗ ಸಡಿಲವಾಗುತ್ತೆ ಅನ್ನೋ ದೂರು ಹಳೆಯದು.

ಬೆಲೆ ನೋಡಿ ಹೆದರಬೇಡಿ, ಲೆಕ್ಕ ಹಾಕಿ. ಒಂದು ಡಾಲರಿನ ಕೇಸು 20 ಸಲ ಬಂದರೆ ಸಲಕ್ಕೆ 5 ಸೆಂಟ್. ಅರ್ಧ ಡಾಲರಿನದು 8 ಸಲಕ್ಕೇ ಮುಗಿದರೆ ಸಲಕ್ಕೆ 6 ಸೆಂಟಿಗೂ ಜಾಸ್ತಿ. ಆದರೆ ಬೇಟೆಗೆ ವರ್ಷಕ್ಕೆ ಒಂದು ಡಬ್ಬಿ ಖರ್ಚು ಮಾಡುವವನಿಗೆ ಈ ಲೆಕ್ಕವೇ ಬೇಕಿಲ್ಲ.

ಸರ್ಕಾರದ ಹಿತ್ತಾಳೆ, ಜನರ ಜಗಳ

ಇನ್ನೊಂದು ಮೂಲ ಮಿಲಿಟರಿಯದ್ದು. ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿರುವ ಲೇಕ್ ಸಿಟಿ ಕಾರ್ಖಾನೆ 1941ರಲ್ಲಿ ಶುರುವಾದದ್ದು. ಮಾಲೀಕತ್ವ ಅಮೆರಿಕದ ಸೈನ್ಯದ್ದು, ನಡೆಸುವುದು ಖಾಸಗಿ ಗುತ್ತಿಗೆದಾರರು. 2020ರಿಂದ ಒಲಿನ್ ವಿಂಚೆಸ್ಟರ್. ಬುಡದ ಮೇಲೆ 'ಎಲ್‌ಸಿ' ಅಂತ ಇರುವ ಈ ಕೇಸು ಗಟ್ಟಿ, ಅಗ್ಗ. ಕೇಪಿನ ಸುತ್ತ ಸೈನ್ಯಕ್ಕಾಗಿ ಒತ್ತಿದ ಅಂಚನ್ನು ಒಂದು ಸಲ ತೆಗೆಯಬೇಕು, ಅಷ್ಟೇ. ಆದರೆ 7.62ರ ಹಳೆ ಕೇಸು ಮಶೀನ್‌ಗನ್ನಿನಲ್ಲಿ ಸುಟ್ಟದ್ದಾಗಿದ್ದರೆ, 'ಒಂದೇ ಸಲ ಬಳಸಿದ್ದು' ಅಂತ ಮಾರಿದರೂ ಆಗಲೇ ಎಳೆದು ಸುಸ್ತಾಗಿರುತ್ತೆ. 7.62ರ ಮಿಲಿಟರಿ ಕೇಸಿನ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಬೇರೆ ಬ್ರಾಂಡ್ ಜೊತೆ ಬೆರೆಸಬಾರದು ಅನ್ನೋದು ಇದಕ್ಕೇ. 5.56ರ ವಿಷಯದಲ್ಲೂ ಇದೇ ಮಾತು ಹೇಳುತ್ತಾರೆ, ಆದರೆ ಅಲ್ಲಿ ಲೇಕ್ ಸಿಟಿ ಕೇಸಿಗೂ ಮಾಮೂಲಿ ಕೇಸಿಗೂ ಅಂಥ ವ್ಯತ್ಯಾಸ ಇಲ್ಲ.

ಮಾರ್ಚ್ 2009ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಸೈನ್ಯದ ಖಾಲಿ ಕೇಸುಗಳನ್ನು ಮಾರುವ ಮೊದಲು ನುಜ್ಜುಗುಜ್ಜು ಮಾಡಬೇಕು ಅಂತ ಹೇಳಿತು. ಒಬಾಮಾ ಅಧ್ಯಕ್ಷರಾಗಿ ಎರಡು ತಿಂಗಳೂ ಆಗಿರಲಿಲ್ಲ. ತೋಟೆ ಸಿಗದಂತೆ ಮಾಡುವ ಹಿಂಬಾಗಿಲ ನಿಯಂತ್ರಣ ಅಂತ ಗದ್ದಲ ಎದ್ದಿತು. ಮೊಂಟಾನಾದ ಸೆನೆಟರ್‌ಗಳಾದ ಮ್ಯಾಕ್ಸ್ ಬಾಕಸ್, ಜಾನ್ ಟೆಸ್ಟರ್ ಪತ್ರ ಬರೆದರು. ಇಬ್ಬರೂ ಒಬಾಮಾ ಪಕ್ಷದವರೇ. ಅದೇ ತಿಂಗಳು ಆದೇಶ ವಾಪಸಾಯ್ತು. ಬಂದೂಕಿನ ಕಾನೂನು ಬಂದೂಕಿನಲ್ಲಿ ಮುಗಿಯಲ್ಲ, ನೆಲಕ್ಕೆ ಬಿದ್ದ ಹಿತ್ತಾಳೆಯವರೆಗೂ ಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅರ್ಧ ತಪ್ಪು ರೈಫಲ್‌ದೇ

ಒಳ್ಳೆ ಬ್ರಾಂಡ್ ತಂದೂ ಕೇಸು ಬೇಗ ಸತ್ತರೆ ರೈಫಲ್ ಕಡೆ ನೋಡಬೇಕು. ಒಳ್ಳೆ ಉದಾಹರಣೆ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ .303 ಲೀ-ಎನ್‌ಫೀಲ್ಡ್. ಕೆಸರು, ದೂಳಿನಲ್ಲೂ ತೋಟೆ ಸಿಕ್ಕಿಕೊಳ್ಳಬಾರದು ಅಂತ ಅದರ ಚೇಂಬರ್ ಸಡಿಲವಾಗಿ ಕೊರೆದದ್ದು. ಬೋಲ್ಟ್ ಬೀಗ ಹಿಂಭಾಗದಲ್ಲಿ ಇರೋದರಿಂದ ಕೊಂಚ ಹಿಗ್ಗುತ್ತೆ ಕೂಡ. ಸೈನ್ಯಕ್ಕೆ ಅದು ಸರಿಯೇ, ಸೈನಿಕ ಕೇಸು ಹೆಕ್ಕಲ್ಲ. ರೀಲೋಡ್ ಮಾಡುವವನಿಗೆ ಮಾತ್ರ ಬುಡ ಕಳಚುವ ಕಾಟ ಬೇಗ ಶುರು.

ಇದಕ್ಕೆ ಪರಿಹಾರ ಬ್ರಾಂಡ್ ಬದಲಿಸೋದಲ್ಲ. ಸುಟ್ಟ ಕೇಸನ್ನು ಅಚ್ಚಿನಲ್ಲಿ ಒತ್ತುವಾಗ ಹೆಗಲನ್ನು ಬೇಕಾದಷ್ಟೇ, ಬೋಲ್ಟ್ ರೈಫಲ್ಲಿಗೆ ಮಿಲಿಮೀಟರಿನ ನೂರನೇ ಐದು ಭಾಗದಷ್ಟೇ, ಹಿಂದಕ್ಕೆ ತಳ್ಳಬೇಕು. ಹೆಚ್ಚು ತಳ್ಳಿದಷ್ಟೂ ಮುಂದಿನ ಸಲ ಗೋಡೆ ಅಷ್ಟು ಎಳೆಯುತ್ತೆ. ಲಾಪುವಾ ಕೇಸನ್ನೂ ಈ ಒಂದು ತಪ್ಪಿನಿಂದ ನಾಲ್ಕೈದು ಸಲಕ್ಕೇ ಕೊಲ್ಲಬಹುದು. ಮಿತವಾದ ಒತ್ತಡ, ಸರಿಯಾದ ಅಚ್ಚು ಇದ್ದರೆ ನಡುವಿನ ಸಾಲಿನ ಕೇಸೂ ಹತ್ತು ಸಲ ದಾಟುತ್ತೆ.

ಮಳೆಗಾಲದ ಬಿರುಕು

ಹಿತ್ತಾಳೆಯ ಇನ್ನೊಂದು ಶತ್ರುವನ್ನು ಲೋಕ ಕಂಡುಕೊಂಡದ್ದು ನಮ್ಮ ನೆಲದಲ್ಲಿ. ಬ್ರಿಟಿಷ್ ಇಂಡಿಯಾದ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ತೋಟೆ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ ಕೇಸುಗಳಲ್ಲಿ ಬಿರುಕು. ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರು ಬಂತು. ಕಾರಣ ಗೊತ್ತಾಗಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅವರ ಅಧ್ಯಯನದಿಂದ: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ತಯಾರಿಕೆಯಲ್ಲೇ ಕೇಸಿನೊಳಗೆ ಉಳಿದ ಬಿಗಿತ, ಮೂರೂ ಸೇರಿ ಲೋಹವನ್ನು ಸೀಳುತ್ತಿದ್ದವು. ಕಾಯಿಸಿ ಬಿಗಿತ ಇಳಿಸಿದರೆ ಸಮಸ್ಯೆ ತಗ್ಗುತ್ತೆ. ಇವತ್ತಿಗೂ ಅಮೋನಿಯಾ ಇರುವ ಪಾಲಿಶ್‌ನಲ್ಲಿ ಕೇಸು ಉಜ್ಜಬಾರದು ಅನ್ನೋ ನಿಯಮದ ಮೂಲ ಅದೇ.

ಹಿತ್ತಾಳೆಗೂ ಒಂದು ಮಿತಿ

ಏಪ್ರಿಲ್ 2022ರಲ್ಲಿ ಅಮೆರಿಕದ ಸೈನ್ಯ 6.8 ಮಿಲಿಮೀಟರಿನ ಹೊಸ ರೈಫಲ್ ಆರಿಸಿತು. ಅದೇ ತೋಟೆಯ ನಾಗರಿಕ ರೂಪವಾದ .277 ಫ್ಯೂರಿಗೆ ಒಪ್ಪಿದ ಒತ್ತಡ 80,000 ಪೌಂಡ್. ಅದಕ್ಕೆ ಬರಿ ಹಿತ್ತಾಳೆ ಸಾಲದು ಅಂತ ಕೇಸಿನ ಬುಡವನ್ನು ಸ್ಟೀಲಿನಲ್ಲಿ ಮಾಡಿ ಮೈಯನ್ನು ಹಿತ್ತಾಳೆಯಲ್ಲಿ ಉಳಿಸಿದರು. ಬುಡ ಗಟ್ಟಿ, ಕುತ್ತಿಗೆ ಮೆದು: ಹಳೆ ಸೂತ್ರವೇ, ಎರಡು ಲೋಹದಲ್ಲಿ.

ನಮ್ಮಲ್ಲಿ ಇದನ್ನೆಲ್ಲ ಮನೆಯಲ್ಲಿ ಪ್ರಯೋಗಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ತೋಟೆ ಮಾಡೋಕೆ ಅಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ವ್ಯಾಪಾರಕ್ಕೆ ಬೇಕು. ತೋಟೆಯ ಮೇಲಿನ ನಿಯಂತ್ರಣ ಅಲ್ಲಿ ಯಾಕೆ ಅಷ್ಟು ಕಷ್ಟ ಅನ್ನೋದು ಈ ಒಂದು ವ್ಯತ್ಯಾಸದಿಂದ ಅರ್ಥವಾಗುತ್ತೆ: ಜನರ ಡಬ್ಬಿಗಳಲ್ಲಿ ಇನ್ನೂ ಹತ್ತು ಸಲ ಬಾಳುವ ಹಿತ್ತಾಳೆ ಆಗಲೇ ತುಂಬಿದೆ.

ಕೊನೆಗೆ ಒಂದು ಮಾತು. ಗುಣಮಟ್ಟದ ಅಳತೆಗೋಲು ಅಂತ ಎಲ್ಲರೂ ಹೇಳುವ ಲಾಪುವಾ ಒಂದು ಸಣ್ಣ ಊರಿನ ಹೆಸರು. 1976ರ ಏಪ್ರಿಲ್ 13ರಂದು ಅಲ್ಲಿನ ತೋಟೆ ಕಾರ್ಖಾನೆಯ ಮದ್ದು ತುಂಬುವ ವಿಭಾಗ ಸಿಡಿದು 40 ಕಾರ್ಮಿಕರು ಸತ್ತರು. ಅವರಲ್ಲಿ 35 ಮಂದಿ ಹೆಂಗಸರು. ಯಾವ ಕೇಸು ಎಷ್ಟು ಸಲ ಬಾಳುತ್ತೆ ಅಂತ ಲೆಕ್ಕ ಹಾಕುವಾಗ, ಅದನ್ನು ತುಂಬಿದವರ ಲೆಕ್ಕವೂ ನೆನಪಿರಲಿ.