ಹಿಮೆಯುರಿ ಶಾಲೆಗಳ ಮೃತನಾಮಾವಳಿ

ಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಕೆತ್ತಿಸಿಡುವ ಪದ್ಧತಿಯು ಅನೇಕ ದೇಶಗಳಲ್ಲಿರುವುದು. ಜಪಾನಿನ ಓಕಿನಾವಾ ದ್ವೀಪದಲ್ಲಿಯಾದರೋ ಹೆಸರುಗಳು ಉಳಿದುವು. ಶಾಲೆಯ ಗೋಡೆ ಉಳಿಯಲಿಲ್ಲ.

ಈಗಿನ ನಾಹಾ ನಗರದಲ್ಲಿ ಶಿಕ್ಷಕಿಯರ ತರಬೇತಿಯ ಶಾಲೆಯೂ ಪ್ರಥಮ ಬಾಲಿಕಾ ಪ್ರೌಢಶಾಲೆಯೂ ಒಂದೇ ಆವರಣದಲ್ಲಿದ್ದುವು. ಎರಡು ಶಾಲೆಗಳ ಪತ್ರಿಕೆಗಳ ಹೆಸರುಗಳನ್ನು ಕೂಡಿಸಿದುದರಿಂದ ಹಿಮೆಯುರಿ ಎಂಬ ಹೆಸರುಂಟಾಯಿತು. ಕ್ರಿ. ಶ. 1945ನೆಯ ಮಾರ್ಚ್ 23ನೆಯ ರಾತ್ರಿ ಇಲ್ಲಿಯ 222 ವಿದ್ಯಾರ್ಥಿನಿಯರೂ 18 ಮಂದಿ ಉಪಾಧ್ಯಾಯರೂ ಸೈನಿಕ ಆಸ್ಪತ್ರೆಯ ಸೇವೆಗೆ ಕರೆಯಲ್ಪಟ್ಟರು. ಆ ಬಾಲೆಯರ ವಯಸ್ಸು 15ರಿಂದ 19. ಗುಡ್ಡದಲ್ಲಿ ಅಗೆದ ಸುರಂಗಗಳೇ ಆಸ್ಪತ್ರೆ. ಗಾಯಾಳುಗಳ ಶುಶ್ರೂಷೆ, ಗುಂಡಿನ ಮಳೆಯಲ್ಲಿ ನೀರು ತರುವುದು, ಶವಗಳನ್ನು ಹೂಳುವುದು, ಇವೇ ಅವರ ನಿತ್ಯದ ಕಾಯಕವಾದುವು. ಮೇ ತಿಂಗಳ ಕೊನೆಯಲ್ಲಿ ಸೈನ್ಯದೊಡನೆ ಅವರೂ ದಕ್ಷಿಣಕ್ಕೆ ಸರಿದರು.

ಜೂನ್ 18ರಂದು, ಶತ್ರುವು ಸುತ್ತಲೂ ಆವರಿಸಿದ್ದಾಗ, ಸೇವಾದಳವನ್ನು ವಿಸರ್ಜಿಸಿರುವುದಾಗಿ ಆಜ್ಞೆಯಾಯಿತು. ಅದುವರೆಗಿನ ಸುಮಾರು ಮೂರು ತಿಂಗಳಲ್ಲಿ ಸತ್ತ ಬಾಲೆಯರು 19. ಅನಂತರದ ಕೆಲವೇ ದಿನಗಳಲ್ಲಿ ನೂರಕ್ಕೂ ಮಿಗಿಲು. ಕರೆದೊಯ್ದವರು ನಡುದಾರಿಯಲ್ಲಿ ಕೈಬಿಟ್ಟರೆಂಬುದನ್ನು ಈ ಲೆಕ್ಕವೇ ಹೇಳುವುದು.

1946ರಲ್ಲಿ ಊರವರು ಹೊಲಗಳಲ್ಲಿ ಚೆದರಿದ್ದ ಮೂಳೆಗಳನ್ನು ಕೂಡಿಹಾಕಿದರು. ಅವರ ಮುಂದಾಳು ಕಿಂಜೊ ವಾಶಿನ್ ಎಂಬವರು. ಯುದ್ಧದಲ್ಲಿ ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದ ಇವರೂ ಇವರ ಪತ್ನಿಯೂ ಅದೇ ವರ್ಷ ಏಪ್ರಿಲ್ 7ರಂದು ಇಹಾರಾದ ಗುಹೆಯ ಬಾಯಿಯಲ್ಲಿ ಸಣ್ಣದೊಂದು ಕಲ್ಲನ್ನು ನಿಲ್ಲಿಸಿದರು.

ಶಾಲೆಗಳು ಮತ್ತೆ ತೆರೆಯಲೇ ಇಲ್ಲವಾದುದರಿಂದ ನಾಮಾವಳಿಯ ಭಾರವು ಬದುಕುಳಿದ ಹಳೆಯ ವಿದ್ಯಾರ್ಥಿನಿಯರ ಮೇಲೆ ಬಿತ್ತು. ಅವರ ಸಂಘವು 1989ನೆಯ ಜೂನ್ 23ರಂದು ಶಾಂತಿ ವಸ್ತುಸಂಗ್ರಹಾಲಯವೊಂದನ್ನು ತೆರೆಯಿತು. ಅಲ್ಲಿ 227 ಮಂದಿಯ ಸ್ಮರಣೆಯುಂಟು. ಆಸ್ಪತ್ರೆಗೆ ಹೋಗಿ ಮಡಿದವರು 123 ವಿದ್ಯಾರ್ಥಿನಿಯರು ಮತ್ತು 13 ಉಪಾಧ್ಯಾಯರು, ಒಟ್ಟು 136. ಉಳಿದ 91 ಮಂದಿ ಸೈನ್ಯದ ಆ ಆಸ್ಪತ್ರೆಗೆ ಹೋಗದೆ ಬೇರೆಡೆಗಳಲ್ಲಿ ಸತ್ತವರು. ಆಜ್ಞೆಗೊಳಪಟ್ಟು ಸತ್ತವರನ್ನಷ್ಟೇ ಎಣಿಸುವ ರೂಢಿಯನ್ನು ಸಹಪಾಠಿನಿಯರು ಒಪ್ಪಲಿಲ್ಲ, ಅದು ಸರಿಯೇ. ಭಾವಚಿತ್ರದ ಜೊತೆಯಲ್ಲಿ ಹೆಸರು ಮಾತ್ರವಲ್ಲ, ಆಕೆಯ ಸ್ವಭಾವವೂ ಸತ್ತ ರೀತಿಯೂ ಬರೆಯಲ್ಪಟ್ಟಿವೆ. ವೀರಳೆಂಬ ಬಿರುದಿಗಿಂತ ಇಂಥ ಎರಡು ಮಾತು ತಾಯಿಗೆ ಹೆಚ್ಚು ಬೇಕಾದುದು.

ಶಿಷ್ಯೆಯರೊಡನೆ ಹೋಗಿ ಬದುಕಿ ಬಂದ ಉಪಾಧ್ಯಾಯ ನಕಾಸೊನೆ ಸೈಜೆನ್ ಅವರು ಆ ಸಂಗ್ರಹಾಲಯದ ಮೊದಲ ಅಧ್ಯಕ್ಷರಾಗಿದ್ದರು. ಬಂದವರಿಗೆ ವೃತ್ತಾಂತವನ್ನು ತಾವೇ ಹೇಳುತ್ತಿದ್ದ ಸಹಪಾಠಿನಿಯರು ವೃದ್ಧಾಪ್ಯದಿಂದಾಗಿ 2015ರಲ್ಲಿ ಆ ಉಪನ್ಯಾಸಗಳನ್ನು ನಿಲ್ಲಿಸಿದರು. ಅಂದಿನಿಂದ ಯುದ್ಧಾನಂತರ ಹುಟ್ಟಿದವರು ಆ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ.